ಜುಟ್ಟಿನ ಕಟ್ಟು ಎಷ್ಟು ಬಿಗಿಯಿರಬೇಕು?

ಕಳೆದ ವರ್ಷದವರೆಗೂ ನಮ್ಮ ಮನೆಯಲ್ಲಿ ಪ್ರತಿ ಸಂಜೆ ಒಂದು ಸಣ್ಣ ಯುದ್ಧ ನಡೆಯುತ್ತಿತ್ತು. ಶಾಲೆಯಿಂದ ಹಿಂದಿರುಗಿದ ನಮ್ಮ ಮಗಳ ತಲೆಯಿಂದ ರಬ್ಬರ್ ಬ್ಯಾಂಡನ್ನು ಬಿಡಿಸುವುದೇ ಆ ಯುದ್ಧ. ಬೆಳಗಿನ ಅವಸರದಲ್ಲಿ ಮೂರು ಸುತ್ತು ಸುತ್ತಿ ಕಟ್ಟಿದ ಬ್ಯಾಂಡು ದಿನವೆಲ್ಲ ಆಟ ಓಟಗಳನ್ನು ಕಂಡು, ಸಂಜೆಯ ಹೊತ್ತಿಗೆ ಕೂದಲಿನೊಡನೆ ಒಂದಾಗಿಬಿಟ್ಟಿರುತ್ತಿತ್ತು. ಒಂದು ದಿನ ಅಜ್ಜಿಯ ತಾಳ್ಮೆ ತೀರಿತು. ಕತ್ತರಿ ತಂದು ಬ್ಯಾಂಡನ್ನೇ ಕತ್ತರಿಸಿ ತೆಗೆದರು. ನಾವು ಅದನ್ನು ಬಿಳಿಯ ಕಾಗದದ ಮೇಲೆ ಹರಡಿ, ಅಂಟಿಕೊಂಡು ಬಂದ ಕೂದಲುಗಳನ್ನು ಎಣಿಸಿದೆವು. 23 ಇದ್ದವು. ಅವುಗಳಲ್ಲಿ ನಾಲ್ಕರ ತುದಿಯಲ್ಲಿ ಮಾತ್ರ ಬೇರಿನ ಬಿಳಿಯ ಗಂಟು ಕಾಣಿಸಿತು. ಉಳಿದ 19 ನಡುವೆಯೇ ತುಂಡಾದವು.

ತಲೆಗೂದಲು ದಿನವೂ ಅಷ್ಟಿಷ್ಟು ಉದುರುವುದು ಸಹಜವೇ. ದಿನಕ್ಕೆ 50ರಿಂದ 100ರವರೆಗೆ ಉದುರಿದರೂ ಚಿಂತೆಗೆ ಕಾರಣವಿಲ್ಲವೆಂದು ವೈದ್ಯರು ಹೇಳುತ್ತಾರೆ. ಬೇರಿನ ಗಂಟಿನೊಡನೆ ಬಂದ ಆ ನಾಲ್ಕನ್ನು ಈ ಲೆಕ್ಕಕ್ಕೆ ಸೇರಿಸಬಹುದು. ಆದರೆ ತುಂಡಾದ 19 ಕೂದಲುಗಳು ತಾವಾಗಿ ಉದುರಿದವಲ್ಲ. ಅವುಗಳನ್ನು ಕಡಿದವರು ನಾವು. ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆವೋ ಏನೋ. ಅಂದು ದೀಪದ ಬೆಳಕಿನಲ್ಲಿ ಮಗುವಿನ ತಲೆಯನ್ನು ಹತ್ತಿರದಿಂದ ನೋಡಿದಾಗ, ಹಣೆಯ ಇಕ್ಕೆಲಗಳಲ್ಲಿ ಕೂದಲು ವಿರಳವಾಗಿ, ಬುಡದ ಚರ್ಮವು ತಿಳಿಯಾಗಿ ಕಾಣುತ್ತಿತ್ತು. ಚರ್ಮರೋಗದ ವೈದ್ಯರು ಔಷಧವನ್ನೇನೂ ಬರೆಯಲಿಲ್ಲ. "ಜುಟ್ಟನ್ನು ಎಳೆದು ಬಿಗಿಯುವುದನ್ನು ಇಂದೇ ನಿಲ್ಲಿಸಿ, ಈಗ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ, ವರ್ಷಗಟ್ಟಲೆ ಬಿಟ್ಟರೆ ಬಾರದು" ಎಂದಷ್ಟೇ ಹೇಳಿದರು.

ಈ ತೊಂದರೆ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಸದಾ ಬಿಗಿಯಾದ ಜುಟ್ಟು ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಹಣೆಯಂಚಿನ ಕೂದಲು ಹೋಗುವುದನ್ನು 20ನೆಯ ಶತಮಾನದ ಆರಂಭದಲ್ಲಿಯೇ ಗುರುತಿಸಲಾಗಿತ್ತು. ಕೂದಲನ್ನು ಬಿಗಿಯಾಗಿ ಗಂಟುಕಟ್ಟಿ ಪೇಟ ಸುತ್ತುವ ಸಿಖ್ ಪುರುಷರಲ್ಲಿಯೂ ಇದು ಕಂಡುಬಂದಿದೆ. ಕೂದಲಿನ ಬೇರು ಚರ್ಮದೊಳಗಿನ ಒಂದು ಸಣ್ಣ ಚೀಲದಲ್ಲಿ ಕುಳಿತಿರುತ್ತದೆ. ಎಡೆಬಿಡದ ಸೆಳೆತದಿಂದ ಆ ಚೀಲವು ಮೊದಲು ನೋಯುತ್ತದೆ, ಅನಂತರ ಉರಿಯೂತಕ್ಕೆ ಒಳಗಾಗುತ್ತದೆ, ಕೊನೆಗೆ ಗಾಯದ ಕಲೆಯಾಗಿ ಮುಚ್ಚಿಹೋಗುತ್ತದೆ. ಹಾಗೆ ಮುಚ್ಚಿಹೋದ ಚೀಲದಿಂದ ಮತ್ತೆ ಕೂದಲು ಹುಟ್ಟುವುದಿಲ್ಲ.

ಕೂದಲನ್ನು ಕಟ್ಟದೆ ಬಿಡುವಂತಿಲ್ಲ, ಶಾಲೆಯ ನಿಯಮವಿದೆ. ಬಿಗಿಯಾಗಿ ಕಟ್ಟದಿದ್ದರೆ ಪ್ರಾರ್ಥನೆಯ ಹೊತ್ತಿಗೇ ಜುಟ್ಟು ಜಾರಿ ಭುಜಕ್ಕೆ ಬಂದಿರುತ್ತದೆ. ಹಾಗಾದರೆ ಮಾಡುವುದೇನು? ನಮ್ಮ ತಾಯಿಯವರು ಟ್ರಂಕಿನ ತಳದಿಂದ ತುಂಡುಬಟ್ಟೆಗಳ ಗಂಟನ್ನು ಹೊರತೆಗೆದರು. ಹಳೆಯ ಸೀರೆಯ ಸೆರಗು, ರವಿಕೆ ಹೊಲಿದು ಉಳಿದ ಚೂರುಗಳು ಎಲ್ಲ ಅದರಲ್ಲಿದ್ದವು. "ಅಂಗಡಿಯಲ್ಲಿ ನೆರಿಗೆನೆರಿಗೆಯಾಗಿ ಬಟ್ಟೆಯ ಬ್ಯಾಂಡು ನೇತುಹಾಕಿರುತ್ತಾರಲ್ಲ, ಅದನ್ನು ನಾವೇ ಹೊಲಿಯೋಣ. ಒಳಗೆ ಇಲಾಸ್ಟಿಕ್ಕು, ಹೊರಗೆ ಬಟ್ಟೆ. ಲಂಗಕ್ಕೆ ಲಾಡಿ ಪೋಣಿಸಿದಷ್ಟೇ ಕೆಲಸ" ಎಂದರು.

ನೆರಿಗೆಯ ಈ ಬ್ಯಾಂಡನ್ನು ಈಗ ಎಲ್ಲರೂ ಸ್ಕ್ರಂಚಿ ಎನ್ನುತ್ತಾರೆ. ಇದಕ್ಕೆ 1987ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ರೋಮಿ ರೆವ್ಸನ್ ಎಂಬಾಕೆ ವಿಜ್ಞಾನಿಯಲ್ಲ, ಗಾಯಕಿ. ಪೈಜಾಮದ ಸೊಂಟಪಟ್ಟಿಯಲ್ಲಿ ಇಲಾಸ್ಟಿಕ್ಕು ಬಟ್ಟೆಯನ್ನು ನೆರಿಗೆಗಟ್ಟಿಸಿ ಹಿಡಿದಿರುವುದನ್ನು ಕಂಡು, ಕೂದಲಿಗೂ ಹಾಗೆಯೇ ಮಾಡಬಾರದೇಕೆ ಎಂದು ಆಕೆ ತಾನೇ ಹೊಲಿಗೆ ಯಂತ್ರದ ಮುಂದೆ ಕುಳಿತು ಮೊದಲ ಮಾದರಿಯನ್ನು ಹೊಲಿದಳು. ತನ್ನ ನಾಯಿಯ ಹೆಸರನ್ನೇ ಅದಕ್ಕೆ ಇಟ್ಟಳು. ಅದೇ ಬಾಯಿಂದ ಬಾಯಿಗೆ ಬದಲಾಗಿ ಸ್ಕ್ರಂಚಿಯಾಯಿತು. ಆಕೆ 2022ರಲ್ಲಿ ತೀರಿಕೊಂಡಳು. ಪೈಜಾಮದ ಸೊಂಟಪಟ್ಟಿಯೂ ನಮ್ಮ ತಾಯಿಯವರ ಲಂಗದ ಲಾಡಿಯೂ ಒಂದೇ ತತ್ತ್ವದ ಎರಡು ರೂಪಗಳೆಂಬುದನ್ನು ಓದುಗರು ಗಮನಿಸಿಯೇ ಇರುತ್ತಾರೆ.

ಆದರೆ ನಮಗೆ ಒಂದು ಸಂಶಯವಿತ್ತು. ಬಿಗಿಯಾದ ರಬ್ಬರ್ ಬ್ಯಾಂಡು ಹಿಡಿದು ನಿಲ್ಲಿಸುವ ಜುಟ್ಟನ್ನು, ಮೆತ್ತನೆಯ ಈ ಬಟ್ಟೆಯ ಬಳೆ ಹಿಡಿದು ನಿಲ್ಲಿಸೀತೆ? ಅಗಲವಾದ ಕಟ್ಟು ಮೃದುವಾಗಿರುತ್ತದೆ, ಸರಿ. ಮೃದುವಾದದ್ದು ಜಾರದೆ ಇರುತ್ತದೆಯೆ? ಇದಕ್ಕೆ ಉತ್ತರ 1699ರಷ್ಟು ಹಿಂದೆಯೇ ದೊರಕಿತ್ತು.

ಆ ವರ್ಷ ಫ್ರಾನ್ಸಿನ ಗೀಯೋಮ್ ಅಮೊಂಟನ್ ಎಂಬಾತನು ಘರ್ಷಣೆಯನ್ನು ಕುರಿತ ತನ್ನ ಪ್ರಯೋಗಗಳ ಫಲವನ್ನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ಒಂದರ ಮೇಲೊಂದು ಉಜ್ಜುವ ಎರಡು ವಸ್ತುಗಳ ನಡುವಣ ಘರ್ಷಣೆಯು ಅವುಗಳನ್ನು ಒತ್ತಿಹಿಡಿದ ಒಟ್ಟು ಬಲಕ್ಕೆ ಅನುಗುಣವಾಗಿರುತ್ತದೆ. ಅವು ತಾಗಿಕೊಂಡಿರುವ ಜಾಗ ಎಷ್ಟು ವಿಸ್ತಾರವೆಂಬುದನ್ನು ಅದು ಅವಲಂಬಿಸುವುದಿಲ್ಲ. ಇಟ್ಟಿಗೆಯನ್ನು ಅಗಲದ ಮೈ ಕೆಳಗಾಗಿಟ್ಟು ಎಳೆದರೂ ಅಡ್ಡಮೈ ಕೆಳಗಾಗಿಟ್ಟು ಎಳೆದರೂ ಬೇಕಾಗುವ ಬಲ ಒಂದೇ. ಮೊದಲು ಕೇಳಿದಾಗ ನಂಬಿಕೆ ಹುಟ್ಟದ ಮಾತು ಇದು. ನಮ್ಮ ವಿದ್ಯಾರ್ಥಿಗಳು ಪ್ರತಿ ವರ್ಷವೂ ನಂಬುವುದಿಲ್ಲ.

ಇದನ್ನು ಜುಟ್ಟಿಗೆ ಅನ್ವಯಿಸಿ ನೋಡೋಣ. ಜುಟ್ಟು 1 ಸೆಂಟಿಮೀಟರ್ ತ್ರಿಜ್ಯದ ಒಂದು ಉರುಳೆಯೆಂದೂ ಅದರ ಸುತ್ತ ಒಂದೇ ಸುತ್ತಿನ ಕಟ್ಟು ಇದೆಯೆಂದೂ ಆ ಕಟ್ಟಿನ ಸೆಳೆತ 2 ನ್ಯೂಟನ್ ಎಂದೂ ಇಟ್ಟುಕೊಳ್ಳಿ. ಒಂದು ಚೀಲದಲ್ಲಿ 200 ಗ್ರಾಂ ಬೇಳೆ ಹಾಕಿ ಎತ್ತಿ ಹಿಡಿದರೆ ಕೈಗೆ ತಿಳಿಯುವ ಸೆಳೆತ ಇದು. ಕಟ್ಟು ಜುಟ್ಟನ್ನು ಸುತ್ತಲಿಂದ ಒತ್ತುವ ಒಟ್ಟು ಬಲವು ಸೆಳೆತದ 2π ಪಟ್ಟು, ಎಂದರೆ ಸುಮಾರು 12.5 ನ್ಯೂಟನ್. ಈ ಲೆಕ್ಕದಲ್ಲಿ ಕಟ್ಟಿನ ಅಗಲ ಎಲ್ಲಿಯೂ ಬರುವುದಿಲ್ಲ. ರಬ್ಬರ್ ಬ್ಯಾಂಡಾಗಲಿ, ಬಟ್ಟೆಯ ಬಳೆಯಾಗಲಿ, ಸೆಳೆತ ಒಂದೇ ಆಗಿದ್ದರೆ ಒತ್ತುವ ಒಟ್ಟು ಬಲವೂ ಒಂದೇ.

ಇನ್ನು ಒತ್ತಡ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದು ಒತ್ತಡ. ಇಲ್ಲಿ ಅಗಲವು ತನ್ನ ಪ್ರಭಾವವನ್ನು ತೋರಿಸುತ್ತದೆ. ರಬ್ಬರ್ ಬ್ಯಾಂಡಿನ ಅಗಲ 2 ಮಿಲಿಮೀಟರ್ ಆದರೆ, ಕೂದಲಿನ ಮೇಲೆ ಬೀಳುವ ಒತ್ತಡ 1 ಲಕ್ಷ ಪಾಸ್ಕಲ್. ನಮ್ಮ ಮೇಲೆ ಕವಿದಿರುವ ವಾಯುಮಂಡಲದ ಒತ್ತಡವೂ ಸರಿಸುಮಾರು ಅಷ್ಟೇ! ಅಂಗುಲದ ಹತ್ತನೆಯ ಒಂದು ಭಾಗವೂ ಇಲ್ಲದ ಒಂದು ಸಣ್ಣ ಬ್ಯಾಂಡು ಇಡೀ ವಾಯುಮಂಡಲಕ್ಕೆ ಸಮನಾಗಿ ಕೂದಲನ್ನು ಹಿಸುಕುತ್ತದೆ. ಬಟ್ಟೆಯ ನೆರಿಗೆಗಳು ಅದೇ ಬಲವನ್ನು 1 ಸೆಂಟಿಮೀಟರ್ ಅಗಲಕ್ಕೆ ಹರಡಿದರೆ ಒತ್ತಡ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಿಡಿತ ಮಾತ್ರ ಕಡಮೆಯಾಗುವುದಿಲ್ಲ. ಇದೇ ಬಟ್ಟೆಯ ಬಳೆಯ ಗುಟ್ಟು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಬರಿಯ ರಬ್ಬರು ಅಮೊಂಟನನ ನಿಯಮವನ್ನು ಸರಿಯಾಗಿ ಪಾಲಿಸುವುದಿಲ್ಲ. ಅದು ಮೆತುವಾದುದರಿಂದ ತಾಗಿದ ವಸ್ತುವಿನ ಉಬ್ಬುತಗ್ಗುಗಳೊಳಗೆ ಇಳಿದು ಅಂಟಿಕೊಳ್ಳುತ್ತದೆ. ರಬ್ಬರಿನ ಹಿಡಿತವು ಬಟ್ಟೆಯ ಹಿಡಿತಕ್ಕಿಂತ ಹೆಚ್ಚೆಂಬುದು ನಿಜ. ಆದರೆ ಸಂಜೆಯ ಯುದ್ಧಕ್ಕೆ ಕಾರಣವೂ ಅದೇ ಹೆಚ್ಚಿನ ಹಿಡಿತ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೂದಲು ನುಣುಪಾದ ತಂತಿಯಲ್ಲ. ಅದರ ಮೈಯೆಲ್ಲ ಮನೆಯ ಮಾಡಿಗೆ ಹೊದಿಸಿದ ಹೆಂಚುಗಳಂತೆ ಒಂದರ ಮೇಲೊಂದು ಕುಳಿತ ತೆಳುವಾದ ಪೊರೆಗಳಿವೆ; ಅವುಗಳ ಬಿಡಿ ಅಂಚುಗಳೆಲ್ಲ ಕೂದಲಿನ ತುದಿಯ ಕಡೆಗೆ ತಿರುಗಿವೆ. ಓದುಗರು ಈಗಲೇ ಒಂದು ಪ್ರಯೋಗ ಮಾಡಬಹುದು. ಉದುರಿದ ಉದ್ದನೆಯ ಕೂದಲೊಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಬೆರಳುಗಳನ್ನು ಕೂದಲಿನ ಉದ್ದಕ್ಕೆ ಹಿಂದೆಮುಂದೆ ಉಜ್ಜಿ ನೋಡಿ. ಕೂದಲು ತಾನಾಗಿಯೇ ಒಂದು ದಿಕ್ಕಿಗೆ ತೆವಳುತ್ತದೆ. ಬುಡದ ತುದಿ ಯಾವಾಗಲೂ ಮುಂದಾಗಿರುತ್ತದೆ. ಬುಡದಿಂದ ತುದಿಗೆ ಉಜ್ಜುವಾಗ ಘರ್ಷಣೆ ಕಡಮೆ, ತುದಿಯಿಂದ ಬುಡಕ್ಕೆ ಉಜ್ಜುವಾಗ ಹೆಚ್ಚು. ಕಟ್ಟಿದ ಬ್ಯಾಂಡನ್ನು ಇನ್ನಷ್ಟು ಬಿಗಿಯಾಗಲೆಂದು ತಲೆಯ ಕಡೆಗೆ ದೂಡುತ್ತೇವಲ್ಲ, ಆಗ ನಾವು ಹೆಂಚುಗಳನ್ನು ಎದುರು ದಿಕ್ಕಿನಿಂದ ಎಬ್ಬಿಸುತ್ತಿರುತ್ತೇವೆ.

ಒಂದು ಕೂದಲು ಕಡಿಯದೆ ಸುಮಾರು 50ರಿಂದ 100 ಗ್ರಾಂ ತೂಕವನ್ನು ಹೊರಬಲ್ಲುದು. ಅಷ್ಟು ತೆಳುವಾದ ವಸ್ತುವಿಗೆ ಇದು ಸಾಮಾನ್ಯ ಶಕ್ತಿಯಲ್ಲ. ಆದರೆ ಸಿಕ್ಕಿಕೊಂಡ ರಬ್ಬರ್ ಬ್ಯಾಂಡನ್ನು ಕೈ ಎಳೆದಾಗ ಆ ಎಳೆತವೆಲ್ಲ ಸಾವಿರಾರು ಕೂದಲುಗಳಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ; ಅಂಟಿಕೊಂಡ ನಾಲ್ಕಾರು ಕೂದಲುಗಳ ಮೇಲೆಯೇ ಬೀಳುತ್ತದೆ. ನಮ್ಮ 19 ಕೂದಲುಗಳ ಕಥೆ ಅದು. ಕೂದಲು ಒದ್ದೆಯಾಗಿದ್ದರೆ ಇನ್ನೂ ಕೆಡುಕು. ನೀರು ಕುಡಿದ ಕೂದಲು ಉಬ್ಬುತ್ತದೆ, ಹೆಚ್ಚು ಜಗ್ಗುತ್ತದೆ, ಬೇಗ ಕಡಿಯುತ್ತದೆ. ತಲೆಗೆ ನೀರೆರೆದುಕೊಂಡ ದಿನ ಕೂದಲು ಆರುವ ಮುನ್ನ ಬಿಗಿಯಾಗಿ ಕಟ್ಟಬಾರದೆಂದು ನಮ್ಮ ತಾಯಿಯವರು ಯಾವ ಭೌತವಿಜ್ಞಾನವನ್ನೂ ಓದದೆ ಹೇಳುತ್ತಿದ್ದರು.

ಇನ್ನು ಹೊಲಿಗೆಯ ವಿಷಯ. ನಮ್ಮ ಮೊದಲನೆಯ ಬಳೆ ಪೂರ್ತಿ ವಿಫಲವಾಯಿತು. ಬಟ್ಟೆ ಉಳಿಸುವ ಆಸೆಯಿಂದ 5 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಕತ್ತರಿಸಿದೆವು. ಮಡಿಚಿ ಹೊಲಿದಾಗ ಅದು ಪೆನ್ಸಿಲಿನಷ್ಟು ಸಣ್ಣ ಕೊಳವೆಯಾಗಿ, ಒಳಹೊರಗು ತಿರುಗಿಸಲು ಬಾರದೆ ಹೋಯಿತು. ಹತ್ತು ನಿಮಿಷ ಒದ್ದಾಡಿದ ಮೇಲೆ ಅದನ್ನು ಕಸದ ಬುಟ್ಟಿಗೆ ಸೇರಿಸಿದೆವು. ಎರಡನೆಯದಕ್ಕೆ ತಾಯಿಯವರ ಮಾತಿನಂತೆ 50 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಪಟ್ಟಿ. ಬಟ್ಟೆ ಹಲವು ಸಲ ಒಗೆದು ಮೆತ್ತಗಾದ ಹತ್ತಿಯದಾಗಿದ್ದರೆ ಒಳ್ಳೆಯದು. ಹಳೆಯ ಸೀರೆಗಿಂತ ಉತ್ತಮವಾದುದು ಬೇರೊಂದಿಲ್ಲ. ದಪ್ಪನೆಯ ಬಟ್ಟೆಯಾದರೆ ನೆರಿಗೆಗಳು ಕೂಡದೆ ಬಳೆ ಬಿರುಸಾಗಿ ನಿಲ್ಲುತ್ತದೆ.

ಪಟ್ಟಿಯ ಚೆಂದದ ಮೈ ಒಳಗಾಗುವಂತೆ ಉದ್ದಕ್ಕೆ ಮಡಿಚಿ, ಅಂಚಿನಿಂದ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಬಿಟ್ಟು ಉದ್ದಕ್ಕೂ ಹೊಲಿಯಬೇಕು. ಯಂತ್ರವಿಲ್ಲದವರು ಕೈಯಲ್ಲಿ ಹೊಲಿಯುವಾಗ ಸೂಜಿಯನ್ನು ಪ್ರತಿಸಲವೂ ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಎರಡು ಹೆಜ್ಜೆ ಮುಂದಕ್ಕೆ ತೆಗೆಯುವುದು ಮೇಲು. ಆಗ ಒಂದೆಡೆ ದಾರ ಕಡಿದರೂ ಹೊಲಿಗೆಯೆಲ್ಲ ಬಿಚ್ಚಿಹೋಗದು. ಅನಂತರ ಕೊಳವೆಯ ಒಂದು ಬಾಯಿಗೆ ಪಿನ್ನು ಸಿಕ್ಕಿಸಿ, ಆ ಪಿನ್ನನ್ನು ಕೊಳವೆಯೊಳಗೇ ದೂಡುತ್ತ ಇನ್ನೊಂದು ಬಾಯಿಂದ ಹೊರತೆಗೆದರೆ ಚೆಂದದ ಮೈ ಹೊರಗೆ ಬರುತ್ತದೆ.

ಈಗ ಇಲಾಸ್ಟಿಕ್ಕು. ಅರ್ಧ ಸೆಂಟಿಮೀಟರ್ ಅಗಲದ್ದು ಸಾಕು. ಅದರ ಒಂದು ತುದಿಗೆ ಪಿನ್ನು ಸಿಕ್ಕಿಸಿ ಲಾಡಿಯಂತೆ ಪೋಣಿಸಬೇಕು. ಇನ್ನೊಂದು ತುದಿಯನ್ನು ಕೊಳವೆಯ ಬಾಯಿಗೆ ಬೇರೊಂದು ಪಿನ್ನಿನಿಂದ ಭದ್ರಪಡಿಸಲು ಮರೆಯಬಾರದು. ನಾವು ಮರೆತೆವು. ಕೊನೆಯ ಗೇಣಿನಲ್ಲಿ ಬಾಲದ ತುದಿ ಫಕ್ಕನೆ ಒಳಗೆ ಸೇರಿ ಮಾಯವಾಯಿತು. ಮತ್ತೆ ಮೊದಲಿನಿಂದ ಪೋಣಿಸಿದ್ದಾಯಿತು.

ತುದಿಗಳನ್ನು ಕೂಡಿಸುವುದು ಹೇಗೆ? ಗಂಟು ಹಾಕುವುದು ಸುಲಭ. ಆದರೆ ಗಂಟು ನಿಲ್ಲುವುದಿಲ್ಲ. ರಬ್ಬರನ್ನು ಎಳೆದಾಗ ಅದರ ಗಾತ್ರ ಹೆಚ್ಚುಕಡಮೆ ಬದಲಾಗುವುದಿಲ್ಲ. ಆದುದರಿಂದ ಉದ್ದವಾದಷ್ಟೂ ಅದು ತೆಳುವಾಗಲೇಬೇಕು. ತೆಳುವಾದ ಎಳೆಯು ಗಂಟಿನ ಹಿಡಿತದಿಂದ ಪ್ರತಿಸಲವೂ ಕೂದಲೆಳೆಯಷ್ಟು ಜಾರುತ್ತದೆ. ನೂರು ಸಲ ಎಳೆದು ಬಿಟ್ಟ ಮೇಲೆ ಗಂಟು ಬಿಚ್ಚಿರುತ್ತದೆ. ತುದಿಗಳನ್ನು ಒಂದೂವರೆ ಸೆಂಟಿಮೀಟರಿನಷ್ಟು ಒಂದರ ಮೇಲೊಂದಿಟ್ಟು ಹಿಂದೆಮುಂದೆ ನಾಲ್ಕು ಸಲ ಹೊಲಿದರೆ ಈ ತೊಂದರೆಯಿಲ್ಲ. ಕೊನೆಗೆ ಬಟ್ಟೆಯ ಒಂದು ಬಾಯಿಯ ಅಂಚನ್ನು ಒಳಕ್ಕೆ ಮಡಿಚಿ, ಅದರೊಳಗೆ ಇನ್ನೊಂದು ಬಾಯಿಯನ್ನು ತೂರಿಸಿ ಕೈಹೊಲಿಗೆಯಿಂದ ಮುಚ್ಚಬೇಕು. ಹಾಗೆ ಮುಚ್ಚುವಾಗ ಸೂಜಿ ಇಲಾಸ್ಟಿಕ್ಕಿಗೆ ಚುಚ್ಚದಂತೆ ನೋಡಿಕೊಳ್ಳಬೇಕು. ಚುಚ್ಚಿದಲ್ಲಿ ಒಳಗಿನ ರಬ್ಬರಿನ ಎಳೆ ಕಡಿದು ಅಲ್ಲಿಂದಲೇ ಸೋಲುತ್ತ ಹೋಗುತ್ತದೆ.

"ಇಲಾಸ್ಟಿಕ್ಕು ಎಷ್ಟು ಉದ್ದ?" ಎಂದು ಕೇಳಿದೆವು. ತಾಯಿಯವರು ಅಂದಾಜಿನಲ್ಲಿ ಒಂದು ಗೇಣು ಅಳೆದು ತೋರಿಸಿದರು. ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ಗೇಣಿನಲ್ಲಿ ತೃಪ್ತಿಯಾಗಲಿಲ್ಲ. ಕಾಗದ ತೆಗೆದುಕೊಂಡು ಕುಳಿತೆವು. "ಲೆಕ್ಕ ಆಮೇಲೆ ಮಾಡುವೆಯಂತೆ, ಮೊದಲು ಸೂಜಿಗೆ ದಾರ ಹಾಕಿಕೊಡೇ, ಕಣ್ಣು ಕಾಣಿಸದು" ಎಂದರು. ದಾರ ಹಾಕಿಕೊಟ್ಟೇ ಲೆಕ್ಕ ಮಾಡಿದೆವು. ಇದು ಈ ಲೇಖನದ ಮುಖ್ಯ ಲೆಕ್ಕವಾದುದರಿಂದ ಓದುಗರು ತುಸು ತಾಳ್ಮೆ ವಹಿಸಬೇಕು.

ಕಟ್ಟು ಮಾಡಬೇಕಾದ ಕೆಲಸವಾದರೂ ಏನು? ಜುಟ್ಟಿನ ಭಾರವನ್ನು ಹೊರುವುದಲ್ಲ. ಅದನ್ನು ತಲೆಯೇ ಹೊತ್ತಿದೆ. ಕಟ್ಟು ತಾನು ಜಾರದೆ ನಿಂತರೆ ಸಾಕು. ಬಟ್ಟೆಯ ಬಳೆಯ ತೂಕ 10 ಗ್ರಾಂ, ಎಂದರೆ 0.1 ನ್ಯೂಟನ್ ಎನ್ನೋಣ. ಮಗು ಹಗ್ಗದಾಟ ಆಡುವಾಗ ಕುಲುಕಾಟದಿಂದ ಈ ಭಾರ ಐದು ಪಟ್ಟಾಯಿತೆಂದರೂ 0.5 ನ್ಯೂಟನ್. ಬಟ್ಟೆಗೂ ಕೂದಲಿಗೂ ನಡುವಣ ಘರ್ಷಣಾಂಕ 0.2 ಎಂದಿಟ್ಟುಕೊಂಡರೆ, ಒತ್ತಿಹಿಡಿಯಲು ಬೇಕಾದ ಒಟ್ಟು ಬಲ 2.5 ನ್ಯೂಟನ್. ಭದ್ರತೆಗಾಗಿ ಇಮ್ಮಡಿ ಮಾಡಿ 5 ಎನ್ನಿ. ಮೂರು ಸುತ್ತು ಸುತ್ತುವುದರಿಂದ ಒತ್ತುವ ಬಲ ಒಂದು ಸುತ್ತಿನದರ ಮೂರು ಪಟ್ಟು. ಹಾಗಾದರೆ ಇಲಾಸ್ಟಿಕ್ಕಿನಲ್ಲಿ ಇರಬೇಕಾದ ಸೆಳೆತ ಸುಮಾರು 0.27 ನ್ಯೂಟನ್, 27 ಗ್ರಾಂ ತೂಕದಷ್ಟು!

ಉತ್ತರ ನೋಡಿ ನಾವೇ ಬೆರಗಾದೆವು. ಮತ್ತೆ ಮತ್ತೆ ಲೆಕ್ಕ ಹಾಕಿದರೂ ಅಷ್ಟೇ ಬಂತು. ಹಾಗಿದ್ದರೆ ಪ್ರಪಂಚದ ತಾಯಂದಿರೆಲ್ಲ ಏತಕ್ಕಾಗಿ ಇದರ ಹತ್ತು ಪಟ್ಟು ಬಿಗಿಯುತ್ತಾರೆ? ಕಾರಣ ನಮ್ಮ ಲೆಕ್ಕದ ಮೊದಲ ಸಾಲಿನಲ್ಲಿಯೇ ಇದೆ. ಜುಟ್ಟು ಗಟ್ಟಿಯಾದ ಉರುಳೆಯೆಂದು ನಾವು ಭಾವಿಸಿದ್ದೆವು. ಅದು ಉರುಳೆಯಲ್ಲ, ಸಡಿಲವಾದ ಹುಲ್ಲಿನ ಹೊರೆಯಂತಹ ವಸ್ತು. ಡಬ್ಬಿಗೆ ತುಂಬಿದ ಅಕ್ಕಿ ಕುಲುಕಿದಾಗ ಕೆಳಗಿಳಿಯುವಂತೆ, ಮಗು ಓಡಾಡಿದಷ್ಟೂ ಕೂದಲುಗಳು ಒತ್ತಾಗಿ ಕೂಡಿಕೊಂಡು ಜುಟ್ಟು ಸಣ್ಣದಾಗುತ್ತದೆ. ಟೇಪು ಅಥವಾ ದಾರದಿಂದ ಕಟ್ಟಿದ್ದರೆ, ಜುಟ್ಟು ಒಂದಿಷ್ಟು ಸಣ್ಣದಾದೊಡನೆ ಸೆಳೆತವು ಪೂರ್ತಿ ಇಲ್ಲವಾಗುತ್ತದೆ. ಅದಕ್ಕಾಗಿಯೇ ಟೇಪನ್ನು ಮೊದಲಿಗೇ ಅತಿಯಾಗಿ ಬಿಗಿಯುತ್ತಿದ್ದರು. ಗಿಡ್ಡನೆಯ ಬಿರುಸಾದ ರಬ್ಬರ್ ಬ್ಯಾಂಡಿನದೂ ಬಹುಮಟ್ಟಿಗೆ ಇದೇ ಪಾಡು: ತುಸು ಕುಗ್ಗಿದರೆ ಸೆಳೆತ ಬಹಳವಾಗಿ ಇಳಿಯುತ್ತದೆ. ಉದ್ದವಾದ ಮೆತುವಾದ ಇಲಾಸ್ಟಿಕ್ಕು ಹಾಗಲ್ಲ. ಅದು ಕುಗ್ಗುತ್ತಿರುವ ಜುಟ್ಟನ್ನು ಹಿಂಬಾಲಿಸಿ ಒತ್ತುತ್ತಲೇ ಇರುತ್ತದೆ. ಬೇಕಾಗಿರುವುದು ಹೆಚ್ಚು ಬಿಗಿಯಲ್ಲ, ಬೇಗ ಬತ್ತದ ಬಿಗಿ.

ಇದನ್ನು ಅಳತೆಗೆ ಇಳಿಸೋಣ. ಜುಟ್ಟಿನ ಬುಡಕ್ಕೆ ದಾರ ಸುತ್ತಿ ಸುತ್ತಳತೆ ತೆಗೆದುಕೊಳ್ಳಿ. 6 ಸೆಂಟಿಮೀಟರ್ ಇದೆಯೆನ್ನಿ. ಬಟ್ಟೆಯ ದಪ್ಪದಿಂದ ಪ್ರತಿ ಸುತ್ತಿಗೆ ಇನ್ನು 3 ಸೆಂಟಿಮೀಟರ್ ಕೂಡಿಸಿ. ಮೂರು ಸುತ್ತಿಗೆ 27 ಆಯಿತು. ಕಟ್ಟಿದಾಗ ಇಲಾಸ್ಟಿಕ್ಕು ತನ್ನ ಸಹಜ ಉದ್ದದ ಒಂದೂವರೆಯಷ್ಟಾದರೆ ಸಾಕು. 27ನ್ನು ಒಂದೂವರೆಯಿಂದ ಭಾಗಿಸಿದರೆ 18 ಸೆಂಟಿಮೀಟರ್. ತುದಿಗಳ ಹೊಲಿಗೆಗೆ ಒಂದೂವರೆ ಸೇರಿಸಿ ಕತ್ತರಿಸಿದರಾಯಿತು. ತಾಯಿಯವರ ಗೇಣನ್ನು ಅಳತೆಪಟ್ಟಿಯ ಮೇಲಿಟ್ಟು ನೋಡಿದೆವು. 19 ಸೆಂಟಿಮೀಟರ್ ಇತ್ತು. ಅವರು ಏನೂ ಹೇಳಲಿಲ್ಲ, ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು.

ಇಲಾಸ್ಟಿಕ್ಕಿನ ಈ ಗುಣ ಎಲ್ಲಿಂದ ಬಂತೆಂಬುದೂ ಸ್ವಾರಸ್ಯವಾದ ವಿಷಯ. ಉಕ್ಕಿನ ಸುರುಳಿಯನ್ನು ಎಳೆದಾಗ ಅದರ ಪರಮಾಣುಗಳು ತಮ್ಮ ಸ್ಥಾನಗಳಿಂದ ತುಸು ದೂರ ಸರಿಯುತ್ತವೆ; ಬಿಟ್ಟರೆ ಹಿಂದಿರುಗುತ್ತವೆ. ರಬ್ಬರಿನ ಬಗೆ ಬೇರೆ. ಅದರ ಅಣುಗಳು ಬಲು ಉದ್ದನೆಯ ಸರಪಳಿಗಳು. ಶಾಲೆಯ ಬಯಲಿನಲ್ಲಿ ಕೈಕೈ ಹಿಡಿದು ನಿಂತ ಮಕ್ಕಳ ಸಾಲೊಂದನ್ನು ಕಲ್ಪಿಸಿಕೊಳ್ಳಿ. ಎರಡು ಕೊನೆಗಳನ್ನು ಹಿಡಿದೆಳೆದರೆ ಸಾಲು ನೆಟ್ಟಗಾಗುತ್ತದೆ. ಆದರೆ ಮಕ್ಕಳು ಸುಮ್ಮನೆ ನಿಲ್ಲುವವರಲ್ಲ, ಆಚೀಚೆ ಕುಣಿಯುತ್ತಾರೆ. ಆ ಕುಣಿತದಿಂದಲೇ ಸಾಲು ಮತ್ತೆ ಡೊಂಕಾಗಿ ಕೊನೆಗಳನ್ನು ಒಳಕ್ಕೆ ಸೆಳೆಯುತ್ತದೆ. ಅಣುಗಳ ಕುಣಿತವೆಂದರೆ ಉಷ್ಣ. ಆದುದರಿಂದ ತೂಕ ಕಟ್ಟಿ ಇಳಿಬಿಟ್ಟ ರಬ್ಬರನ್ನು ಬಿಸಿಮಾಡಿದರೆ ಅದು ಉದ್ದವಾಗುವ ಬದಲು ಗಿಡ್ಡವಾಗುತ್ತದೆ! ಇದನ್ನು ಮೊದಲು ವಿವರಿಸಿದವನು ಇಂಗ್ಲೆಂಡಿನ ಜಾನ್ ಗಾಫ್. ಆತನ ಬರಹ 1805ರಲ್ಲಿ ಪ್ರಕಟವಾಯಿತು. ಆತನು ಕುರುಡ. ರಬ್ಬರಿನ ಪಟ್ಟಿಯನ್ನು ತುಟಿಗೆ ತಾಗಿಸಿ ಫಕ್ಕನೆ ಎಳೆದಾಗ ಬಿಸಿಯನ್ನೂ, ಬಿಟ್ಟಾಗ ತಂಪನ್ನೂ ತುಟಿಯಿಂದಲೇ ಕಂಡುಕೊಂಡನು. ಅಗಲವಾದ ರಬ್ಬರ್ ಬ್ಯಾಂಡು ಇದ್ದವರು ತುಟಿಗೆ ತಾಗಿಸಿ ಪರೀಕ್ಷಿಸಬಹುದು. ಮಕ್ಕಳಿಗೆ ತುಂಬ ಹಿಡಿಸುವ ಪ್ರಯೋಗ. ಸುಮಾರು ಅರ್ಧ ಶತಮಾನದ ಬಳಿಕ ಜೂಲ್ ಇದನ್ನು ನಿಖರವಾಗಿ ಅಳೆದು ತೋರಿಸಿದನು.

ಗಾಫನ ಕಾಲದ ರಬ್ಬರು ಬೇಸಗೆಯಲ್ಲಿ ಅಂಟಾಗಿ, ಚಳಿಯಲ್ಲಿ ಬಿರುಸಾಗಿ ಬಿಡುತ್ತಿತ್ತು. ಗಂಧಕದೊಡನೆ ಕಾಸಿದರೆ ಈ ದೋಷ ಹೋಗುವುದೆಂಬುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಹಿಡಿದನು. ಗಂಧಕವು ಸರಪಳಿ ಸರಪಳಿಗಳ ನಡುವೆ ಅಲ್ಲಲ್ಲಿ ಹೊಲಿಗೆ ಹಾಕುತ್ತದೆ. ಆದುದರಿಂದ ಅವು ಒಂದರ ಮೇಲೊಂದು ಜಾರಿಹೋಗಲಾರವು. 1845ರಲ್ಲಿ ಲಂಡನ್ನಿನ ಸ್ಟೀಫನ್ ಪೆರಿ ಎಂಬಾತನು ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದದ್ದು ಕಾಗದಗಳನ್ನು ಕಟ್ಟಿಡುವುದಕ್ಕಾಗಿ. ಹೆಣ್ಣುಮಕ್ಕಳ ತಲೆಗೆಂದಲ್ಲ.

ನಮ್ಮ ನಾಡಿನ ತಲೆಗೂದಲಿನಲ್ಲಿ ರಬ್ಬರಿಗೆ ಇನ್ನೊಬ್ಬ ಶತ್ರುವಿದ್ದಾನೆ: ಕೊಬ್ಬರಿ ಎಣ್ಣೆ. ರಬ್ಬರ್ ಬ್ಯಾಂಡಿನ ತುಂಡೊಂದನ್ನು ಎಣ್ಣೆಯ ಬಟ್ಟಲಿನಲ್ಲಿ ಎರಡು ವಾರ ಬಿಟ್ಟು ನೋಡಿದೆವು. ಅದು ಉಬ್ಬಿ, ಮೆತ್ತಗಾಗಿ, ಎಳೆದರೆ ಹಿಂದಿನಂತೆ ಸೆಟೆಯದೆ ಹೋಯಿತು. ಎಣ್ಣೆಯ ಅಣುಗಳು ಸರಪಳಿಗಳ ನಡುವೆ ನುಸುಳಿ ಅವುಗಳನ್ನು ದೂರ ಸರಿಸುವುದೇ ಇದಕ್ಕೆ ಕಾರಣ. ಬಟ್ಟೆಯ ಬಳೆಯಲ್ಲಿ ಎಣ್ಣೆಯನ್ನು ಮೊದಲು ಬಟ್ಟೆ ಹೀರುತ್ತದೆ. ವಾರಕ್ಕೊಮ್ಮೆ ಸಾಬೂನಿನಲ್ಲಿ ಒಗೆದರೆ ಒಳಗಿನ ಇಲಾಸ್ಟಿಕ್ಕಿಗೆ ಮುಟ್ಟುವುದು ಕಡಮೆ. ಒಣಗಿಸುವುದು ನೆರಳಿನಲ್ಲಿ. ಬಿಸಿಲು ಮತ್ತು ಗಾಳಿಯ ಆಮ್ಲಜನಕ ಎರಡೂ ಕೂಡಿ ರಬ್ಬರನ್ನು ಬಿರುಸುಗೊಳಿಸುತ್ತವೆ. ರಾತ್ರಿ ತೆಗೆದ ಬಳೆಯನ್ನು ಎಣ್ಣೆಯ ಸೀಸೆಯ ಕುತ್ತಿಗೆಗೆ ತೊಡಿಸಿಡುವ ಅಭ್ಯಾಸವೂ ಒಳ್ಳೆಯದಲ್ಲ. ಬಹಳ ಹೊತ್ತು ಎಳೆದೇ ಇಟ್ಟ ಇಲಾಸ್ಟಿಕ್ಕು ತನ್ನ ಮೊದಲಿನ ಉದ್ದವನ್ನು ಮರೆಯುತ್ತದೆ.

ಬಟ್ಟೆಯ ಬಳೆ ಕಟ್ಟಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಅದು ಕೂದಲಿನ ದಂಟನ್ನು ಕಾಪಾಡುತ್ತದೆ. ಬೇರನ್ನು ಕಾಪಾಡಬೇಕಾದುದು ಬಾಚುವ ಕೈ. ಕೂದಲನ್ನು ಹಣೆಯಿಂದ ಎಳೆದೆಳೆದು ಹಿಡಿದು ಅನಂತರ ಎಷ್ಟೇ ಮೆತ್ತನೆಯ ಬಳೆಯನ್ನು ತೊಡಿಸಿದರೂ ಬೇರಿನ ಮೇಲಿನ ಸೆಳೆತ ಹಾಗೆಯೇ ಉಳಿಯುತ್ತದೆ. ಕಟ್ಟಿದ ಮೇಲೆ ಮಗುವಿಗೆ ಹುಬ್ಬೇರಿಸಲು ಹೇಳಿ. ಹಣೆಯ ಚರ್ಮ ಜಗ್ಗಿದಂತಾದರೆ ಬಿಚ್ಚಿ ಮತ್ತೆ ಕಟ್ಟಿ. ಜುಟ್ಟಿನ ಜಾಗವನ್ನೂ ದಿನಕ್ಕೊಂದು ಕಡೆ, ಒಮ್ಮೆ ಮೇಲೆ ಒಮ್ಮೆ ಕೆಳಗೆ, ಬದಲಾಯಿಸುವುದು ಒಳ್ಳೆಯದು.

ನಮ್ಮ ಮಗಳು ಬಟ್ಟೆಯ ಬಳೆ ತೊಟ್ಟು ಶಾಲೆಗೆ ಹೋದ ಮೊದಲ ದಿನ ಅದು ಮಧ್ಯಾಹ್ನದ ಊಟದ ಹೊತ್ತಿಗೆ ಜಾರಿತು. ಲೆಕ್ಕ ತಪ್ಪಿತ್ತೆ? ವಿಚಾರಿಸಿದಾಗ ಅವಳು ಮೂರರ ಬದಲು ಎರಡೇ ಸುತ್ತು ಸುತ್ತಿಕೊಂಡಿದ್ದಳೆಂದು ತಿಳಿಯಿತು. ಎರಡು ಸುತ್ತಿಗೆ 18 ಸೆಂಟಿಮೀಟರ್, ಇಲಾಸ್ಟಿಕ್ಕಿನ ಸಹಜ ಉದ್ದವೂ ಅಷ್ಟೇ, ಸೆಳೆತ ಸೊನ್ನೆ. ಮರುದಿನದಿಂದ ಮೂರು ಸುತ್ತು. ಸಂಜೆ ಬಿಡಿಸುವಾಗ ಬಳೆಗೆ ಅಂಟಿದ ಕೂದಲುಗಳನ್ನು ಒಂದು ವಾರ ಎಣಿಸಿ ಬರೆದಿಟ್ಟೆವು. ಒಂದು ದಿನವೂ ನಾಲ್ಕನ್ನು ಮೀರಲಿಲ್ಲ. ಎರಡು ದಿನ ಒಂದೂ ಇರಲಿಲ್ಲ.

ಸುಮಾರು ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ ತಲೆ ಬಾಚುತ್ತಿದ್ದ ಅಜ್ಜಿ ಕರೆದರು. ಕಿಟಕಿಯ ಬೆಳಕಿಗೆ ಮಗುವಿನ ಮುಖವನ್ನು ತಿರುಗಿಸಿ ಹಣೆಯ ಅಂಚನ್ನು ತೋರಿಸಿದರು. ಅಕ್ಕಿಕಾಳಿಗಿಂತ ತುಸು ಉದ್ದವಾದ, ಬಾಚಣಿಗೆಗೆ ಸಿಗದ ಎಳೆಗೂದಲುಗಳು ಅಲ್ಲಿ ನೆಟ್ಟಗೆ ನಿಂತಿದ್ದವು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾದರೆ ಇವು ಹುಟ್ಟಿ ಹೆಚ್ಚು ದಿನಗಳಾಗಿಲ್ಲ. ಬಲಗಡೆ ಇನ್ನೂ ಬಂದಿರಲಿಲ್ಲ. ಅಲ್ಲಿಯೂ ಬರಬಹುದೆಂದು ವೈದ್ಯರು ಹೇಳಿದ್ದಾರೆ, ನೋಡುತ್ತಿದ್ದೇವೆ.

ಮೊದಲು ಹೊಲಿದ ಬಳೆಯ ಇಲಾಸ್ಟಿಕ್ಕು ಈಗ ಸೋತಿದೆ. ಬಟ್ಟೆ ಚೆನ್ನಾಗಿಯೇ ಇರುವುದರಿಂದ ಕೈಹೊಲಿಗೆಯ ನಾಲ್ಕು ಬೆರಳಗಲವನ್ನು ಬಿಚ್ಚಿ, ಹಳೆಯ ಇಲಾಸ್ಟಿಕ್ಕಿನ ಕೊನೆಗೆ ಹೊಸದನ್ನು ಹೊಲಿದು ಎಳೆದುಕೊಂಡರೆ ಪಿನ್ನಿನ ಗೊಡವೆಯಿಲ್ಲದೆ ಅದು ತಾನಾಗಿ ಪೋಣಿಸಿಕೊಳ್ಳುತ್ತದೆ. ಇದನ್ನು ನಮಗೆ ತೋರಿಸಿಕೊಟ್ಟವಳು ಮಗಳು; ಅವಳಿಗೆ ಕಲಿಸಿದವರು ಯಾರೆಂದು ಹೇಳಬೇಕಾಗಿಲ್ಲ.